ಮೂರೂವರೆ ಸಾವಿರದ ಗೆರೆಯಾಚೆ ಇರುವವರ ಪರವಾಗಿ ಮುಖ್ಯಮಂತ್ರಿಯವರಿಗೊಂದು ಬಹಿರಂಗ ಪತ್ರ

ಕರ್ನಾಟಕದ ಮಾನ್ಯ ಮುಖ್ಯಮಂತ್ರಿಯವರಿಗೆ, ಹಾಗೂ ಕಂದಾಯ, ಕಾನೂನು ಮತ್ತು ವಸತಿ ಖಾತೆಗಳ ಸಚಿವರಿಗೆ,

ಮಾನ್ಯರೇ,

ನಮ್ಮ ರಾಜ್ಯದ ಬಾಡಿಗೆ ಕಾಯ್ದೆಯಲ್ಲಿ ಒಂದು ಮೊತ್ತ ನಮೂದಾಗಿದೆ: 3,500 ರೂಪಾಯಿ. ಕರ್ನಾಟಕ ಬಾಡಿಗೆ ಕಾಯ್ದೆ, 1999 ಎಂಬ ಈ ಶಾಸನ ಜಾರಿಗೆ ಬಂದದ್ದು 2001ರ ಡಿಸೆಂಬರ್ 31ರಂದು. ಬೆಂಗಳೂರಿನಲ್ಲಿ ತಿಂಗಳ ಬಾಡಿಗೆ ಆ ಮೊತ್ತವನ್ನು ಮೀರಿದರೆ, ಸಣ್ಣ ಊರುಗಳಲ್ಲಿ 2,000 ರೂಪಾಯಿ ಮೀರಿದರೆ, ಆ ಮನೆ ಕಾಯ್ದೆಯ ಹೊರಗೆ. ವ್ಯಾಪಾರದ ಮಳಿಗೆಯಾದರೆ 14 ಚದರ ಮೀಟರ್ ದಾಟುವಂತಿಲ್ಲ. ಕಾಯ್ದೆ ಬರೆದ ಕಾಲಕ್ಕೆ ಆ ಗೆರೆಗೆ ಅರ್ಥವಿತ್ತು. ಉಳ್ಳವರು ತಮ್ಮ ಕರಾರನ್ನು ತಾವೇ ನೋಡಿಕೊಳ್ಳಲಿ, ಇಲ್ಲದವರಿಗೆ ಕಾನೂನಿನ ಆಸರೆ ಇರಲಿ ಎಂದು ಅದನ್ನು ಸಮರ್ಥಿಸಬಹುದಿತ್ತು. ಈಗ ಬೆಂಗಳೂರಿನಲ್ಲಿ ಆ ದುಡ್ಡಿಗೆ ಪಿ.ಜಿ.ಯಲ್ಲಿ ಒಂದು ಮಂಚ ಸಿಗುವುದೂ ಕಷ್ಟ. ಪೀಣ್ಯದ ಕಡೆ ಗಾರ್ಮೆಂಟ್ಸ್ ಕೆಲಸಕ್ಕೆ ಹೋಗುವ ಹೆಣ್ಣುಮಗಳು ಒಂದೇ ಕೋಣೆಯ ಶೀಟಿನ ಮನೆಗೂ ಅದಕ್ಕಿಂತ ಹೆಚ್ಚು ಕೊಡುತ್ತಾಳೆ. ಯಾರ ಹೆಸರಿನಲ್ಲಿ ಕಾಯ್ದೆ ಬಂತೋ ಅವರೇ ಇವತ್ತು ಅದರ ಹೊರಗಿದ್ದಾರೆ.

ಈ ಪತ್ರ ಬರೆಯುತ್ತಿರುವ ನಾನು ಬೆಂಗಳೂರಿನಲ್ಲಿ ಬಾಡಿಗೆ ಮನೆಯಲ್ಲಿದ್ದೇನೆ. ಊರಿನಲ್ಲಿ ಹಿರಿಯರು ಕಟ್ಟಿದ ಮನೆಯ ಒಂದು ಭಾಗವನ್ನು ನಮ್ಮ ಮನೆಯವರು ಬಾಡಿಗೆಗೆ ಕೊಟ್ಟಿದ್ದಾರೆ. ಎರಡೂ ಕಡೆಯ ದೂರು ನನ್ನ ಕಿವಿಗೆ ಬೀಳುತ್ತದೆ, ಎರಡೂ ಕಡೆಯ ಸಂಕಟ ನನಗೆ ಗೊತ್ತು. ಮಾಲೀಕರೆಲ್ಲ ಲೋಭಿಗಳು, ಬಾಡಿಗೆಯವರೆಲ್ಲ ಪಾಪದವರು ಎಂದು ಹೇಳಲು ನಾನು ಬಂದಿಲ್ಲ. ಇಬ್ಬರ ನಡುವೆ ಜಗಳ ಹುಟ್ಟಿದಾಗ ಅದನ್ನು ಬಂದು ನೋಡುವವರು ಯಾರೂ ಇಲ್ಲ. ಆ ಖಾಲಿ ಜಾಗವನ್ನು ತುಂಬಬೇಕಾದವರು ನೀವು ಎಂದು ಹೇಳಲು ಬಂದಿದ್ದೇನೆ.

ಮೊದಲು ದುರಸ್ತಿಯ ಮಾತು ತೆಗೆದುಕೊಳ್ಳಿ. ಬಾಡಿಗೆ ಮನೆಯ ಜಗಳಗಳಲ್ಲಿ ಬಹುಪಾಲು ಇಲ್ಲಿಂದಲೇ ಶುರುವಾಗುತ್ತವೆ. ಜೂನ್ ಬಂತು, ಮಳೆ ಹಿಡಿಯಿತು, ಮೇಲಿನ ಮಹಡಿಯ ಮನೆಯ ಸೀಲಿಂಗಿನಲ್ಲಿ ಮೊದಲು ಒಂದು ಕಂದು ಕಲೆ, ಆಮೇಲೆ ಗಾರೆ ಉಬ್ಬುವುದು, ಆಮೇಲೆ ತೊಟ್ಟಿಕ್ಕುವುದು. ಗೋಡೆಗೆ ಬೂಷ್ಟು ಹತ್ತುತ್ತದೆ, ಬಟ್ಟೆ ವಾಸನೆ ಬರುತ್ತದೆ, ಮಗುವಿಗೆ ಕೆಮ್ಮು ನಿಲ್ಲುವುದಿಲ್ಲ. ಸ್ವಿಚ್ ಬೋರ್ಡಿನ ಹಿಂದೆ ನೀರಿಳಿದರೆ ಮುಟ್ಟಲೂ ಭಯ. "ಸರ್, ಮೇಲ್ಗಡೆ ಸೋರ್ತಾ ಇದೆ" ಎಂದು ಹೇಳಿದರೆ "ಮಳೆ ನಿಲ್ಲಲಿ, ನೋಡೋಣ" ಎನ್ನುತ್ತಾರೆ. ಮಳೆ ನಿಲ್ಲುತ್ತದೆ, ಕಲೆ ಒಣಗುತ್ತದೆ, ಮಾತೂ ಅಲ್ಲಿಗೇ ನಿಲ್ಲುತ್ತದೆ. ಮುಂದಿನ ವರ್ಷ ಮತ್ತೆ ಅದೇ. ಎರಡು ಸಲ ಕೇಳಿದರೆ "ನಿಮಗಿಂತ ಮುಂಚೆ ಇದ್ದೋರು ಏನೂ ಹೇಳಿರ್ಲಿಲ್ಲ", ಮೂರನೇ ಸಲ ಕೇಳಿದರೆ "ಇಷ್ಟ ಇಲ್ಲಾಂದ್ರೆ ಖಾಲಿ ಮಾಡ್ಕೊಂಡು ಹೋಗಿ".

1999ರ ಕಾಯ್ದೆಯ ಹೊರಗೆ ಬಿದ್ದ ಈ ಬಾಡಿಗೆದಾರರಿಗೆ ಕಾನೂನಿನಲ್ಲಿ ಏನಿದೆ? 1882ರಲ್ಲಿ ಬ್ರಿಟಿಷರು ಮಾಡಿದ ಸ್ವತ್ತು ವರ್ಗಾವಣೆ ಕಾಯ್ದೆ ಇದೆ. ಮಾಲೀಕರು ಮಾಡಿಕೊಡಲೇಬೇಕಾದ ದುರಸ್ತಿಯನ್ನು, ತಿಳಿಸಿದ ಮೇಲೂ ತಕ್ಕ ಕಾಲದೊಳಗೆ ಮಾಡದಿದ್ದರೆ, ಬಾಡಿಗೆದಾರರು ತಾವೇ ಮಾಡಿಸಿ ಆ ಖರ್ಚನ್ನು ಬಡ್ಡಿ ಸಮೇತ ಬಾಡಿಗೆಯಲ್ಲಿ ಹಿಡಿದುಕೊಳ್ಳಬಹುದು ಎಂದು ಅದರ 108ನೇ ಕಲಮು ಹೇಳುತ್ತದೆ. ಕೇಳಲು ಚೆನ್ನಾಗಿದೆ. ಆದರೆ ಮಾಡಿಕೊಡಲೇಬೇಕಾದ ದುರಸ್ತಿ ಯಾವುದು ಎಂದು ಆ ಕಾಯ್ದೆ ಪಟ್ಟಿ ಮಾಡಿಲ್ಲ. ಅದನ್ನು ಕರಾರಿಗೆ ಬಿಟ್ಟಿದೆ. ಕರಾರು ಎಂದರೆ ಸಬ್‌ ರಿಜಿಸ್ಟ್ರಾರ್ ಕಚೇರಿ ಪಕ್ಕದ ಅಂಗಡಿಯ ಕಂಪ್ಯೂಟರಿನಲ್ಲಿ ಹೆಸರು, ವಿಳಾಸ, ಮೊತ್ತ ಬದಲಿಸಿ ಇ-ಸ್ಟಾಂಪ್ ಕಾಗದದ ಮೇಲೆ ತೆಗೆದುಕೊಡುವ ಇಂಗ್ಲಿಷ್ ಹಾಳೆ. ಮನೆಯನ್ನು ಕೊಟ್ಟ ಸ್ಥಿತಿಯಲ್ಲೇ ವಾಪಸು ಕೊಡಬೇಕು, ಸಣ್ಣಪುಟ್ಟ ರಿಪೇರಿ ಬಾಡಿಗೆದಾರರದ್ದು ಎಂದು ಅದರಲ್ಲಿರುತ್ತದೆ. ತಾರಸಿ, ಪೈಪು, ವೈರಿಂಗ್ ಯಾರದ್ದು ಎಂಬ ಬಗ್ಗೆ ಸಾಮಾನ್ಯವಾಗಿ ಒಂದಕ್ಷರವೂ ಇರುವುದಿಲ್ಲ. ಸಹಿ ಹಾಕುವ ಇಬ್ಬರೂ ಅದನ್ನು ಪೂರ್ತಿ ಓದಿರುವುದಿಲ್ಲ.

ಇನ್ನು ಆ ಕರಾರಿನ ಆಯುಷ್ಯ 11 ತಿಂಗಳು. ಒಂದು ವರ್ಷಕ್ಕಿಂತ ಹೆಚ್ಚಿನ ಗುತ್ತಿಗೆಯನ್ನು ನೋಂದಾಯಿಸಲೇಬೇಕು ಎಂಬ ಕಾನೂನಿನಿಂದ ತಪ್ಪಿಸಿಕೊಳ್ಳಲು ಹುಟ್ಟಿದ ಲೆಕ್ಕ ಇದು. ಪ್ರತಿ 11 ತಿಂಗಳಿಗೊಮ್ಮೆ ಬಾಡಿಗೆದಾರರ ನೆಲೆ ಮಾಲೀಕರ ಮನಸ್ಸಿನ ಮೇಲೆ ನಿಲ್ಲುತ್ತದೆ. ಸೋರಿಕೆಯ ಬಗ್ಗೆ ಗಟ್ಟಿಯಾಗಿ ಮಾತಾಡಿದವರ ಕರಾರು ಹೊಸದಾಗುವುದಿಲ್ಲ. ಮಕ್ಕಳ ಶಾಲೆ ಅದೇ ಬೀದಿಯಲ್ಲಿದ್ದರೆ ಯಾವ ತಾಯಿ ಜಗಳಕ್ಕೆ ನಿಲ್ಲುತ್ತಾಳೆ? ಬಾಯಿ ಮುಚ್ಚಿಕೊಂಡು ಬಕೆಟ್ ಇಡುತ್ತಾಳೆ.

ಇದಕ್ಕೆ ದಾರಿ ತೋರಿಸುವ ಕೆಲಸ ಆಗಲೇ ಆಗಿದೆ. ಕೇಂದ್ರ ಸಂಪುಟ 2021ರ ಜೂನ್ 2ರಂದು ಮಾದರಿ ಬಾಡಿಗೆ ಕಾಯ್ದೆಗೆ ಒಪ್ಪಿಗೆ ಕೊಟ್ಟು ರಾಜ್ಯಗಳಿಗೆ ಕಳಿಸಿತು. ಭೂಮಿ ಮತ್ತು ಬಾಡಿಗೆ ರಾಜ್ಯಪಟ್ಟಿಯ ವಿಷಯವಾದ್ದರಿಂದ ಅದನ್ನು ಕಾನೂನು ಮಾಡುವುದು ನಿಮ್ಮ ಕೈಯಲ್ಲಿದೆ. ಯಾವ ದುರಸ್ತಿ ಯಾರದ್ದು ಎಂದು ಆ ಮಾದರಿ ಪಟ್ಟಿ ಕೊಟ್ಟಿದೆ. ಕಟ್ಟಡದ ರಚನೆಗೆ ಸಂಬಂಧಿಸಿದ ದುರಸ್ತಿ, ಗೋಡೆಗೆ ಸುಣ್ಣಬಣ್ಣ, ಬಾಗಿಲು ಕಿಟಕಿಗಳ ಬಣ್ಣ, ಅಗತ್ಯ ಬಿದ್ದಾಗ ಪೈಪ್ ಬದಲಾವಣೆ, ಒಳಗಿನ ಮತ್ತು ಹೊರಗಿನ ವೈರಿಂಗ್ ಮಾಲೀಕರ ಪಾಲು. ನಲ್ಲಿಯ ವಾಷರ್, ಚರಂಡಿ ಕಟ್ಟಿದ್ದು ಬಿಡಿಸುವುದು, ಕಕ್ಕಸು ಮತ್ತು ವಾಷ್‌ಬೇಸಿನ್ ರಿಪೇರಿ, ಗೀಜರ್, ಸ್ವಿಚ್ಚು, ಸಾಕೆಟ್ಟು, ಬೀಗ, ಕಿಟಕಿಯ ಗಾಜು ಬಾಡಿಗೆದಾರರ ಪಾಲು. ಇದರಲ್ಲಿ ತಪ್ಪು ಹುಡುಕಬಹುದು. ಹಳೆಯ ಗೀಜರ್ ತಾನಾಗಿ ಸುಟ್ಟರೆ ಬಾಡಿಗೆಯವರೇಕೆ ಹೊರಬೇಕು ಎಂದು ನಾನೂ ಕೇಳುತ್ತೇನೆ. ಆದರೆ ಬರೆದಿಟ್ಟ ಪಟ್ಟಿ ಇದ್ದರೆ ಜಗಳ ಅಷ್ಟಕ್ಕೆ ಸಣ್ಣದಾಗುತ್ತದೆ. ನಮ್ಮಲ್ಲಿ ಮನೆ ಬಿಡುವಾಗ ಒಂದು ತಿಂಗಳ ಬಾಡಿಗೆಯನ್ನು 'ಪೇಂಟಿಂಗ್ ಚಾರ್ಜ್' ಎಂದು ಅಡ್ವಾನ್ಸಿನಲ್ಲಿ ಕತ್ತರಿಸುವುದು ಸಂಪ್ರದಾಯವೇ ಆಗಿದೆ. ಮಾದರಿ ಕಾಯ್ದೆಯ ಪ್ರಕಾರ ಕರಾರಿನಲ್ಲಿ ಬೇರೆ ರೀತಿ ಒಪ್ಪಿಕೊಂಡಿರದಿದ್ದರೆ ಬಣ್ಣ ಮಾಲೀಕರ ಹೊಣೆ. ಈ ಒಂದು ಸಾಲು ರಾಜ್ಯದ ಕಾನೂನಾದರೆ ಎಷ್ಟು ಮನೆಗಳ ಲೆಕ್ಕ ಬದಲಾಗುತ್ತದೆ ಎಂದು ಯೋಚಿಸಿ.

ದುರಸ್ತಿ ಮಾಡಿಸಿಕೊಡದಿದ್ದರೆ ಬಾಡಿಗೆದಾರರು ಮಾಡಿಸಿ ಕಳೆದುಕೊಳ್ಳಬಹುದು, ಆದರೆ ಯಾವ ತಿಂಗಳಲ್ಲೂ ಬಾಡಿಗೆಯ ಅರ್ಧಕ್ಕಿಂತ ಹೆಚ್ಚು ಹಿಡಿಯುವಂತಿಲ್ಲ ಎಂದೂ ಆ ಮಾದರಿಯಲ್ಲಿದೆ. 15,000 ರೂಪಾಯಿ ಬಾಡಿಗೆಯ ಮನೆಗೆ ತಿಂಗಳಿಗೆ 7,500. ನಲ್ಲಿಗೆ, ಪೈಪಿಗೆ ಇದು ಸಾಕು. ತಾರಸಿಗೆ ವಾಟರ್‌ಪ್ರೂಫಿಂಗ್ ಮಾಡಿಸಲು ಕೈಯಿಂದ ದೊಡ್ಡ ಮೊತ್ತ ಹಾಕಿ ತಿಂಗಳುಗಟ್ಟಲೆ ಕಾಯುವ ಶಕ್ತಿ ಸಂಬಳದ ಮೇಲೆ ಬದುಕುವವರಿಗೆ ಇರುವುದಿಲ್ಲ. ದೊಡ್ಡ ದುರಸ್ತಿಗೆ ಮಾಲೀಕರಿಗೇ ಗಡುವು ಕೊಟ್ಟು ಆದೇಶ ಮಾಡುವ ಅಧಿಕಾರ ಯಾರಿಗಾದರೂ ಇರಲೇಬೇಕು.

ಈಗ ಮನೆಯೊಳಗೆ ಬರುವ ವಿಷಯ. ಇದನ್ನು ಸಣ್ಣದೆಂದು ತಳ್ಳಿಹಾಕುವವರು ಹೆಚ್ಚು, ಅದರಲ್ಲೂ ಗಂಡಸರು. ಒಬ್ಬಳೇ ಇರುವ ಹೆಣ್ಣುಮಗಳ ಮನೆಗೆ ಮಾಲೀಕರು ತಮ್ಮ ಬಳಿಯ ಇನ್ನೊಂದು ಕೀಲಿಯಿಂದ ಬಾಗಿಲು ತೆರೆದು 'ಮೋಟರ್ ನೋಡೋಕೆ ಬಂದೆ' ಎಂದರೆ ಅವಳಿಗಾಗುವ ಗಾಬರಿ ಸಣ್ಣದಲ್ಲ. ನೋಟಿಸ್ ಕೊಟ್ಟ ಮರುದಿನವೇ ಹೊಸ ಗಿರಾಕಿಗಳನ್ನು ಕರೆದುಕೊಂಡು ಬರುತ್ತಾರೆ, ಹಾಸಿಗೆ ಮಡಿಸುವ ಮೊದಲೇ ಬೆಡ್‌ರೂಮು ತೋರಿಸುತ್ತಾರೆ. ಯಾರು ಬಂದರು, ಎಷ್ಟು ಹೊತ್ತಿಗೆ ಹೋದರು, ಅಡುಗೆಗೆ ಏನು ಬೇಯುತ್ತಿದೆ ಎಂದು ವಿಚಾರಿಸುವವರೂ ಇದ್ದಾರೆ. ಮನೆ ಕೊಡುವ ಮೊದಲೇ "ನೀವು ಯಾವ ಪೈಕಿ?" ಎಂದು ಕೇಳುವ ಊರಿನಲ್ಲಿ ಇದು ಆಶ್ಚರ್ಯವಲ್ಲ. ಆ ಪ್ರಶ್ನೆಯ ಹಿಂದಿನ ಜಾತಿಯ ವಿಷಕ್ಕೆ ಬೇರೆಯೇ ಪತ್ರ ಬೇಕು.

ಮಾಲೀಕರಿಗೆ ತಮ್ಮ ಮನೆ ನೋಡುವ ಹಕ್ಕಿಲ್ಲವೆಂದು ನಾನು ಹೇಳುತ್ತಿಲ್ಲ. 'ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು' ಎಂಬ ಗಾದೆ ಸುಮ್ಮನೆ ಹುಟ್ಟಲಿಲ್ಲ. ಸಾಲ ಮಾಡಿ, ಒಡವೆ ಅಡ ಇಟ್ಟು ಕಟ್ಟಿದವರಿಗೆ ಗೋಡೆಯ ಒಂದೊಂದು ಬಿರುಕೂ ಎದೆಗೆ ನಾಟುತ್ತದೆ. ಪೈಪು ಒಡೆದು ಕೆಳಗಿನ ಮನೆಗೆ ನೀರಿಳಿಯುತ್ತಿದ್ದರೂ "ನಾನು ಊರಲ್ಲಿಲ್ಲ, ಬೀಗ ತೆಗೆಯಬೇಡಿ" ಎನ್ನುವ, ಪ್ಲಂಬರ್ ಬಂದು ನಿಂತರೂ ಬಾಗಿಲು ತೆರೆಯದ ಬಾಡಿಗೆಯವರೂ ಇದ್ದಾರೆ. 1882ರ ಕಾಯ್ದೆ ಹೇಳುವುದು, ತಕ್ಕ ಹೊತ್ತಿನಲ್ಲಿ ಬಂದು ನೋಡಲು ಮಾಲೀಕರಿಗೂ ಅವರ ಕಡೆಯವರಿಗೂ ಬಾಡಿಗೆದಾರರು ಅವಕಾಶ ಕೊಡಬೇಕು ಎಂದು ಮಾತ್ರ. ತಕ್ಕ ಹೊತ್ತು ಯಾವುದು, ಎಷ್ಟು ಮೊದಲು ತಿಳಿಸಬೇಕು, ಎರಡನ್ನೂ ಅದು ಹೇಳುವುದಿಲ್ಲ. ಮಾದರಿ ಕಾಯ್ದೆ ಇದನ್ನು ಬಿಡಿಸಿ ಹೇಳಿದೆ. ಬರುವ ದಿನ, ವೇಳೆ, ಕಾರಣವನ್ನು 24 ಗಂಟೆ ಮೊದಲೇ ಬರಹದಲ್ಲಿ ತಿಳಿಸಬೇಕು, ಮೊಬೈಲ್ ಸಂದೇಶವಾದರೂ ನಡೆಯುತ್ತದೆ. ಸೂರ್ಯ ಹುಟ್ಟುವ ಮೊದಲು, ಮುಳುಗಿದ ಮೇಲೆ ಬರುವಂತಿಲ್ಲ. ಬೆಂಕಿ, ಪ್ರವಾಹದಂಥ ತುರ್ತಿಗೆ ಮಾತ್ರ ವಿನಾಯಿತಿ. ಇಬ್ಬರ ಮರ್ಯಾದೆಯನ್ನೂ ಕಾಯುವ ನಿಯಮ ಇದು, ಇದನ್ನು ಜಾರಿ ಮಾಡಲು ಬೊಕ್ಕಸದಿಂದ ಒಂದು ರೂಪಾಯಿಯೂ ಬೇಕಾಗಿಲ್ಲ.

ದುರಸ್ತಿಯ ಜಗಳವೂ ಒಳಗೆ ಬರುವ ಜಗಳವೂ ಬಗೆಹರಿಯದೆ ಉಳಿದಾಗ ಮೂರನೆಯದು ಹುಟ್ಟುತ್ತದೆ. ಬಾಡಿಗೆಯವರು ಬಾಡಿಗೆ ಕೊಡುವುದನ್ನು ನಿಲ್ಲಿಸುತ್ತಾರೆ. "ರಿಪೇರಿ ಮಾಡಿಸಿ, ಆಮೇಲೆ ಬಾಡಿಗೆ" ಎಂಬುದು ಅವರ ಕೈಯಲ್ಲಿರುವ ಒಂದೇ ಆಯುಧ. ಅದು ತಮಗೇ ತಿರುಗುವ ಆಯುಧ ಎಂದು ಅವರಿಗೆ ತಿಳಿಸಿಹೇಳುವವರಿಲ್ಲ. ಬಾಡಿಗೆ ಕೊಡುವುದು ಕಾನೂನಿನ ಪ್ರಕಾರ ಬಾಡಿಗೆದಾರರ ಕರ್ತವ್ಯ. ಅದನ್ನು ನಿಲ್ಲಿಸಿದ ದಿನದಿಂದ ಸೋರುವ ಮಾಡಿನ ನ್ಯಾಯ ಹಿಂದೆ ಸರಿದು ಬಾಕಿಯ ಲೆಕ್ಕ ಮುಂದೆ ಬರುತ್ತದೆ. ಮಾಲೀಕರ ವಕೀಲರಿಂದ 15 ದಿನಗಳ ನೋಟಿಸ್ ಬರುತ್ತದೆ, ತೆರವಿನ ದಾವೆ ಹೂಡುತ್ತಾರೆ. ಗಾರೆ ಉದುರಿದ ಫೋಟೋಗಳನ್ನು ನ್ಯಾಯಾಧೀಶರು ನೋಡುವ ಹೊತ್ತಿಗೆ ಆ ಕುಟುಂಬ ಬೇರೆ ಬಡಾವಣೆಗೆ ಹೋಗಿರುತ್ತದೆ.

ಮಾಲೀಕರ ಕಡೆಯಿಂದಲೂ ನೋಡಿ. ನಿವೃತ್ತ ಶಾಲಾ ಮೇಷ್ಟ್ರು, ಗಂಡನಿಲ್ಲದ ಹೆಂಗಸು, ಮಕ್ಕಳು ದೂರದಲ್ಲಿರುವ ವೃದ್ಧ ದಂಪತಿ. ಮೇಲಿನ ಮನೆಯ ಬಾಡಿಗೆಯೇ ಇವರ ಮಾತ್ರೆ, ದಿನಸಿ. ಆ ಬಾಡಿಗೆ ನಾಲ್ಕು ತಿಂಗಳು ಬರಲಿಲ್ಲ, ಕೇಳಿದರೆ "ಕೋರ್ಟಿಗೆ ಹೋಗಿ" ಎಂಬ ಉತ್ತರ ಬಂತು ಎಂದರೆ ಅವರೇನು ಮಾಡಬೇಕು? ದಾವೆ ಹೂಡಿದರೆ ವರ್ಷಗಟ್ಟಲೆ ಕಾಯಬೇಕು. ಈ ಭಯದಿಂದಲೇ ಎಷ್ಟೋ ಜನ ಮನೆಯನ್ನು ಖಾಲಿ ಇಟ್ಟು ಬೀಗ ಹಾಕುತ್ತಾರೆ. 2011ರ ಜನಗಣತಿಯ ಹೊತ್ತಿಗೆ ದೇಶದ ನಗರಗಳಲ್ಲಿ 1 ಕೋಟಿಗೂ ಹೆಚ್ಚು ಮನೆಗಳು ಖಾಲಿ ಇದ್ದವು. ಮಾದರಿ ಕಾಯ್ದೆಗೆ ಕೇಂದ್ರ ಕೊಟ್ಟ ಕಾರಣಗಳಲ್ಲಿ ಇದೂ ಒಂದು.

ಕೋರ್ಟಿಗೆ ಹೋಗುವ ತಾಳ್ಮೆಯಿಲ್ಲದ ಮಾಲೀಕರು ಹಿಡಿಯುವ ದಾರಿ ಇನ್ನೂ ಕೆಟ್ಟದ್ದು. ಮೋಟರ್ ಹಾಕುವುದು ನಿಲ್ಲಿಸುತ್ತಾರೆ, ಫ್ಯೂಸ್ ಕೀಳುತ್ತಾರೆ, ಬಾಡಿಗೆಯವರು ಹೊರಗೆ ಹೋದಾಗ ಬೀಗದ ಮೇಲೆ ಬೀಗ ಹಾಕುತ್ತಾರೆ. 2024ರ ಬೇಸಿಗೆಯಲ್ಲಿ ಬೆಂಗಳೂರಿನ ಬೋರ್‌ವೆಲ್‌ಗಳು ಬತ್ತಿ ಟ್ಯಾಂಕರ್ ನೀರಿಗೆ ಪರದಾಟ ಬಂದಾಗ ಟ್ಯಾಂಕರಿನ ದುಡ್ಡು ಯಾರು ಕೊಡಬೇಕು ಎಂಬ ಜಗಳ ಬೀದಿಬೀದಿಯಲ್ಲಿ ಕೇಳಿಬಂತು. ಕರಾರಿನಲ್ಲಿ ಅದರ ಮಾತೇ ಇರಲಿಲ್ಲ. ಪೊಲೀಸ್ ಠಾಣೆಗೆ ಹೋದರೆ "ಇದು ಸಿವಿಲ್ ಮ್ಯಾಟರ್" ಎಂಬ ಉತ್ತರ. ಹೊರಹಾಕಲ್ಪಟ್ಟವರು ಆರು ತಿಂಗಳೊಳಗೆ ದಾವೆ ಹೂಡಿ ಮನೆಯ ಸ್ವಾಧೀನ ವಾಪಸು ಪಡೆಯಬಹುದೆಂದು 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ 6ನೇ ಕಲಮಿನಲ್ಲಿದೆ. ಈ ದಾರಿ ಇದೆಯೆಂದು ಬಾಡಿಗೆದಾರರಿಗೆ ತಿಳಿಸುವ ಒಂದು ಫಲಕವೂ ಯಾವ ಸರ್ಕಾರಿ ಕಚೇರಿಯಲ್ಲಿ ನನ್ನ ಕಣ್ಣಿಗೆ ಬಿದ್ದಿಲ್ಲ. ಬಿದ್ದಿದ್ದರೂ, ಮಕ್ಕಳನ್ನು ಕರೆದುಕೊಂಡು ರಾತ್ರಿ ಬೀದಿಯಲ್ಲಿ ನಿಂತವರಿಗೆ ದಾವೆಯ ತೀರ್ಪು ಎಷ್ಟು ದೂರ!

ಹಾಗಾಗಿ ನನ್ನ ಮುಖ್ಯ ಮಾತು ಇದು. ಬಾಡಿಗೆಯ ಜಗಳಕ್ಕೆ ಬೇಕಾದದ್ದು ಬೇಗ ಬಂದು ಕಣ್ಣಾರೆ ನೋಡುವ ಒಬ್ಬ ಅಧಿಕಾರಿ. ಎರಡು ಕಡೆಯ ವಾದ, ಪಾಟೀಸವಾಲು, ವಾಯಿದೆಗಳ ಮೇಲೆ ವಾಯಿದೆ ಇದ್ಯಾವುದೂ ಸೋರುವ ತಾರಸಿಗೆ ಬೇಡ. ಒಬ್ಬ ಇಂಜಿನಿಯರನ್ನು ಕರೆದುಕೊಂಡು ಬಂದು, ನೋಡಿ, ಯಾರ ಹೊಣೆ ಎಂದು ಬರೆದು, ದಿನ ಗೊತ್ತುಮಾಡಿ ಹೋದರೆ ಹೆಚ್ಚಿನ ಜಗಳ ಅಲ್ಲಿಗೇ ಮುಗಿಯುತ್ತದೆ. ಮಾದರಿ ಕಾಯ್ದೆಯಲ್ಲಿ ಬಾಡಿಗೆ ಪ್ರಾಧಿಕಾರ, ಅದರ ಮೇಲೆ ಬಾಡಿಗೆ ನ್ಯಾಯಾಲಯ, ಅದರ ಮೇಲೆ ನ್ಯಾಯಮಂಡಳಿ ಎಂಬ ಮೂರು ಹಂತಗಳಿವೆ. ನ್ಯಾಯಾಲಯ ಪ್ರಕರಣಗಳನ್ನು 60 ದಿನಗಳೊಳಗೆ ಮುಗಿಸಲು ಪ್ರಯತ್ನಿಸಬೇಕು, ನೀರು ವಿದ್ಯುತ್ ಕಡಿತದ ದೂರನ್ನು ಪ್ರಾಧಿಕಾರ ಒಂದು ತಿಂಗಳೊಳಗೆ ವಿಚಾರಿಸಬೇಕು, ಅದಕ್ಕೂ ಮೊದಲೇ ಮಧ್ಯಂತರ ಆದೇಶದಿಂದ ಸೇವೆಯನ್ನು ಮತ್ತೆ ಕೊಡಿಸಬಹುದು.

ಆದರೆ ಮಾದರಿಯನ್ನು ಹಾಗೆಯೇ ನಕಲು ಮಾಡಬೇಡಿ. ಅದರ ಪ್ರಕಾರ ಪ್ರಾಧಿಕಾರದ ಅಧಿಕಾರಿ ಡೆಪ್ಯುಟಿ ಕಲೆಕ್ಟರ್ ದರ್ಜೆಗಿಂತ ಕೆಳಗಿರಬಾರದು. ನಮ್ಮಲ್ಲಿ ಆ ಹೊಣೆ ಉಪವಿಭಾಗಾಧಿಕಾರಿಗಳ ಹೆಗಲಿಗೇ ಬೀಳುವ ಸಂಭವ ಹೆಚ್ಚು. ಅವರ ಮೇಜಿನ ಮೇಲೆ ಆಗಲೇ ಪಹಣಿ ಮೇಲ್ಮನವಿಗಳಿವೆ, ಪರಿಶಿಷ್ಟರ ಜಮೀನು ಪರಭಾರೆಯ (ಪಿ.ಟಿ.ಸಿ.ಎಲ್.) ಪ್ರಕರಣಗಳಿವೆ, 2007ರ ಹಿರಿಯ ನಾಗರಿಕರ ಕಾಯ್ದೆಯ ಅರ್ಜಿಗಳಿವೆ, ಚುನಾವಣೆ ಬಂದರೆ ಅದೂ ಇದೆ. ಅವರ ಮೇಲೆ ಇದನ್ನೂ ಹೇರಿದರೆ ಒಂದು ತಿಂಗಳ ಗಡುವು ಎಂಬುದು ಕಾಗದದ ಮೇಲೆ ಉಳಿಯುತ್ತದೆ. ಬೆಂಗಳೂರಿಗೆ ಈಗ ಐದು ಪಾಲಿಕೆಗಳಿವೆ. ಪ್ರತಿ ಪಾಲಿಕೆಗೆ ಇದೊಂದೇ ಕೆಲಸ ಮಾಡುವ ಅಧಿಕಾರಿಗಳನ್ನು, ಅವರ ಜೊತೆಗೆ ಇಂಜಿನಿಯರುಗಳನ್ನು ಕೊಡಿ. ಮೈಸೂರು, ಹುಬ್ಬಳ್ಳಿ-ಧಾರವಾಡ, ಮಂಗಳೂರು, ಬೆಳಗಾವಿ, ಕಲಬುರಗಿಗಳಿಗೂ ಕೊಡಿ. ಕಾಲೇಜು ಇರುವ ಪ್ರತಿ ತಾಲ್ಲೂಕು ಕೇಂದ್ರದಲ್ಲೂ ರೂಮು ಮಾಡಿಕೊಂಡಿರುವ ವಿದ್ಯಾರ್ಥಿಗಳಿದ್ದಾರೆ, ಅವರನ್ನು ಮರೆಯಬೇಡಿ.

ಬಾಡಿಗೆ ತಡೆಹಿಡಿಯುವ ವಿಷಯದಲ್ಲಂತೂ ಮಾದರಿಗಿಂತ ಒಂದು ಹೆಜ್ಜೆ ಮುಂದೆ ಹೋಗಬೇಕು. ಮಾಲೀಕರು ಬಾಡಿಗೆ ತೆಗೆದುಕೊಳ್ಳಲು ಒಪ್ಪದಿದ್ದರೆ, ಇಲ್ಲವೇ ಯಾರಿಗೆ ಕೊಡಬೇಕೆಂಬುದೇ ಗೊತ್ತಾಗದಿದ್ದರೆ, ಪ್ರಾಧಿಕಾರದಲ್ಲಿ ಠೇವಣಿ ಇಡಬಹುದೆಂದು ಅದರಲ್ಲಿದೆ. ದುರಸ್ತಿಯ ಜಗಳ ಇರುವಾಗಲೂ ಅದೇ ದಾರಿ ತೆರೆದಿಡಿ. ಬಾಡಿಗೆದಾರರು ದೂರು ಕೊಟ್ಟು, ಆ ದಿನದಿಂದ ಬಾಡಿಗೆಯನ್ನು ತಮ್ಮ ಜೇಬಿನಲ್ಲಿ ಇಟ್ಟುಕೊಳ್ಳದೆ ಪ್ರಾಧಿಕಾರದ ಖಾತೆಗೆ ಕಟ್ಟಲಿ. ದುರಸ್ತಿ ಮುಗಿದ ದಿನ ಅದು ಮಾಲೀಕರಿಗೆ ಹೋಗಲಿ, ಮುಗಿಯದಿದ್ದರೆ ಅದರಿಂದಲೇ ಕೆಲಸ ಮಾಡಿಸಲಿ. ಖಾತೆಗೆ ದುಡ್ಡು ಕಟ್ಟದ ಬಾಡಿಗೆದಾರರ ದೂರು ಮುಂದುವರಿಯದಿರಲಿ. ಆಗ ನಿಜವಾಗಿ ಸೋರುವ ಮನೆಯಲ್ಲಿರುವವರು ಯಾರು, ಸೋರಿಕೆಯ ನೆಪದಲ್ಲಿ ಬಾಡಿಗೆ ನುಂಗುವವರು ಯಾರು ಎಂದು ತಾನಾಗಿ ಬೇರೆಯಾಗುತ್ತದೆ. ಪ್ರಾಮಾಣಿಕ ಮಾಲೀಕರಿಗೂ ಇದಕ್ಕಿಂತ ದೊಡ್ಡ ಭರವಸೆ ಬೇಕಿಲ್ಲ. ಅವರ ದುಡ್ಡು ಎಲ್ಲೂ ಹೋಗಿರುವುದಿಲ್ಲ.

ಎರಡು ತಿಂಗಳ ಬಾಕಿ ಉಳಿಸಿಕೊಂಡು, ನೋಟಿಸ್ ಬಂದ ಒಂದು ತಿಂಗಳೊಳಗೂ ತೀರಿಸದವರನ್ನು ತೆರವು ಮಾಡಿಸಲು ಮಾಲೀಕರು ಅರ್ಜಿ ಹಾಕಬಹುದು, ಅವಧಿ ಮುಗಿದರೂ ಬಿಡದವರು ಮೊದಲ ಎರಡು ತಿಂಗಳು ಎರಡು ಪಟ್ಟು, ಆಮೇಲೆ ನಾಲ್ಕು ಪಟ್ಟು ಬಾಡಿಗೆ ತೆರಬೇಕು ಎಂಬ ನಿಯಮಗಳೂ ಮಾದರಿಯಲ್ಲಿವೆ. ನಾಲ್ಕು ಪಟ್ಟು ಬಡವರಿಗೆ ತೀರಾ ಕಠಿಣವೆಂದು ನನಗನ್ನಿಸುತ್ತದೆ. ಆದರೂ ಮಾಲೀಕರ ಭಯಕ್ಕೆ ಉತ್ತರ ಕೊಡದ ಕಾಯ್ದೆ ಹೆಚ್ಚು ದಿನ ನಿಲ್ಲುವುದಿಲ್ಲ ಎಂಬುದನ್ನೂ ಒಪ್ಪುತ್ತೇನೆ.

ಅಡ್ವಾನ್ಸಿನ ಮಾತು ಎತ್ತದೆ ಬೆಂಗಳೂರಿನವರು ಬಾಡಿಗೆಯ ಪತ್ರ ಮುಗಿಸಲಾರರು. ಹತ್ತು ತಿಂಗಳ ಬಾಡಿಗೆ ಮುಂಗಡ ಕೇಳುವುದು ಈ ಊರಿನಲ್ಲಿ ಬಹುಕಾಲದ ರೂಢಿ. ಈಚೆಗೆ ಕೆಲವು ಕಡೆ ಅದು ಐದಾರು ತಿಂಗಳಿಗೆ ಇಳಿದಿದ್ದರೂ ಎಲ್ಲ ಕಡೆ ಇಳಿದಿಲ್ಲ. 20,000 ರೂಪಾಯಿ ಬಾಡಿಗೆಗೆ ಹತ್ತು ತಿಂಗಳೆಂದರೆ 2 ಲಕ್ಷ. ಹೊಸದಾಗಿ ಕೆಲಸ ಸಿಕ್ಕಿ ರಾಯಚೂರಿನಿಂದಲೋ ಚಾಮರಾಜನಗರದಿಂದಲೋ ಬಂದ ಹುಡುಗ ಹುಡುಗಿಯರು ಮೊದಲ ಸಂಬಳ ಕಾಣುವ ಮೊದಲೇ ಸಾಲಗಾರರಾಗುತ್ತಾರೆ. ಮನೆ ಬಿಡುವಾಗ ಆ ದುಡ್ಡು ಪೂರ್ತಿ ಬರುತ್ತದೆಂಬ ಖಾತ್ರಿಯಿಲ್ಲ. ಅಡ್ವಾನ್ಸ್ ವಾಪಸು ಬರಲಾರದೆಂಬ ಭಯದಿಂದಲೇ ಬಾಡಿಗೆಯವರು ಕೊನೆಯ ತಿಂಗಳುಗಳ ಬಾಡಿಗೆ ನಿಲ್ಲಿಸುತ್ತಾರೆ, ಅದರಿಂದ ಮತ್ತೊಂದು ಜಗಳ. ಮಾದರಿ ಕಾಯ್ದೆ ವಾಸದ ಮನೆಗೆ ಎರಡು ತಿಂಗಳು, ವ್ಯಾಪಾರಕ್ಕೆ ಆರು ತಿಂಗಳು ಎಂದು ಮಿತಿ ಹಾಕಿದೆ. ಚೆನ್ನೈಯಲ್ಲೂ ನಮ್ಮಂತೆಯೇ ಹತ್ತು ತಿಂಗಳ ರೂಢಿಯಿತ್ತು. ತಮಿಳುನಾಡು ತನ್ನ 2017ರ ಕಾಯ್ದೆಯಲ್ಲಿ ಮೂರು ತಿಂಗಳ ಮಿತಿ ಬರೆದು 2019ರ ಫೆಬ್ರುವರಿಯಲ್ಲಿ ಜಾರಿಗೆ ತಂದಿತು. ಉತ್ತರ ಪ್ರದೇಶ, ಆಂಧ್ರ ಪ್ರದೇಶ, ಅಸ್ಸಾಂ ಕೂಡ ತಮ್ಮ ಬಾಡಿಗೆ ಕಾನೂನುಗಳನ್ನು ತಿದ್ದಿಕೊಂಡಿವೆ. ದೇಶದ ಮೂಲೆಮೂಲೆಯಿಂದ ದುಡಿಯುವವರನ್ನು ಕರೆಸಿಕೊಳ್ಳುವ ರಾಜಧಾನಿ ಇರುವ ರಾಜ್ಯ ಹಿಂದೆ ಉಳಿದಿರುವುದು ಸರಿಯಲ್ಲ.

ಭೋಗ್ಯದ ಮನೆಯವರ ಪಾಡು ಇದಕ್ಕಿಂತ ಘೋರ. ತಿಂಗಳ ಬಾಡಿಗೆ ಇಲ್ಲ, ಬದಲಿಗೆ ಐದು ಲಕ್ಷವೋ ಹತ್ತು ಲಕ್ಷವೋ ಒಟ್ಟಿಗೆ ಕೊಟ್ಟು ಎರಡು ಮೂರು ವರ್ಷಕ್ಕೆ ಮನೆ ಹಿಡಿಯುವುದು. ಜೀವಮಾನದ ಉಳಿತಾಯ, ಪಿ.ಎಫ್. ದುಡ್ಡು, ಊರಿನ ಜಮೀನು ಮಾರಿದ ದುಡ್ಡು ಅದರಲ್ಲಿರುತ್ತದೆ. ಕಾಗದ ಮಾತ್ರ ನೋಂದಣಿಯಾಗಿರುವುದಿಲ್ಲ. ಮಾಲೀಕರು ಬ್ಯಾಂಕಿನ ಸಾಲ ಕಟ್ಟದಿದ್ದರೆ ಒಂದು ದಿನ ಬಾಗಿಲಿಗೆ ಸರ್ಫೇಸಿ ಕಾಯ್ದೆಯ ನೋಟಿಸ್ ಅಂಟುತ್ತದೆ. ಇವರಿಗೆ ತಡೆಹಿಡಿಯಲು ಬಾಡಿಗೆಯೂ ಇಲ್ಲ, ತೋರಿಸಲು ನೋಂದಾಯಿತ ಪತ್ರವೂ ಇಲ್ಲ. ಭೋಗ್ಯದ ಕರಾರನ್ನು ಕಡಿಮೆ ಶುಲ್ಕದಲ್ಲಿ ಕಡ್ಡಾಯವಾಗಿ ನೋಂದಾಯಿಸುವಂತೆ ಮಾಡಿ, ಆ ಮನೆಯ ಮೇಲೆ ಸಾಲ ಇದೆಯೇ ಎಂಬುದು ಅದೇ ಕಾಗದದಲ್ಲಿ ನಮೂದಾಗುವಂತೆ ನೋಡಿಕೊಳ್ಳಿ. ಮಾದರಿ ಕಾಯ್ದೆಯನ್ನು ಬರೆದವರ ಗಮನವಿದ್ದದ್ದು ತಿಂಗಳ ಬಾಡಿಗೆಯ ಮೇಲೆ. ಭೋಗ್ಯ ನಮ್ಮ ಊರುಗಳ ರೂಢಿ, ಅದರ ಕಾನೂನು ಇಲ್ಲೇ ಹುಟ್ಟಬೇಕು.

ಹಳೆಯ ಕಾಯ್ದೆಯೇ ಇದೆಯಲ್ಲ, ಅದನ್ನೇಕೆ ಮುಟ್ಟಬೇಕು ಎನ್ನುವ ಸಲಹೆಗಾರರು ನಿಮ್ಮ ಬಳಿ ಇರಬಹುದು. ಅವರಿಗೆ ಸುಪ್ರೀಂ ಕೋರ್ಟ್ 1997ರಲ್ಲಿ ಮುಂಬೈ ಬಾಡಿಗೆ ಕಾಯ್ದೆಯ ಬಗ್ಗೆ ಹೇಳಿದ್ದನ್ನು ತೋರಿಸಿ. ಬಾಡಿಗೆಯನ್ನು 1940ರ ಮಟ್ಟಕ್ಕೆ ಕಟ್ಟಿಹಾಕಿದ್ದ ನಿಯಮ, ಮಾಡಿದ ಕಾಲಕ್ಕೆ ಸರಿಯಿದ್ದರೂ, ಕಾಲ ಸರಿದಂತೆ ತರ್ಕವಿಲ್ಲದ್ದಾಗಿದೆ ಎಂದು ಅಲ್ಲಿ ಮಾಲೀಕರ ಪರವಾಗಿ ಕೋರ್ಟ್ ಹೇಳಿತು. ಅದೇ ನ್ಯಾಯ ನಮ್ಮ 3,500 ರೂಪಾಯಿಗೂ ಅನ್ವಯಿಸಬೇಕು. ಅಲ್ಲಿ ಹಳೆಯ ಅಂಕಿಯಿಂದ ಮಾಲೀಕರು ನೊಂದಿದ್ದರು, ಇಲ್ಲಿ ಬಾಡಿಗೆದಾರರು ನೊಂದಿದ್ದಾರೆ.

ಬಾಡಿಗೆದಾರರನ್ನು ಗುರುತಿಸುವುದು ಸರ್ಕಾರಕ್ಕೆ ಅಸಾಧ್ಯವೇನಲ್ಲ ಎಂಬುದನ್ನು ನೀವೇ ತೋರಿಸಿದ್ದೀರಿ. 2023ರಲ್ಲಿ ಗೃಹಜ್ಯೋತಿ ಯೋಜನೆ ಬಂದಾಗ ಬಾಡಿಗೆ ಮನೆಯಲ್ಲಿರುವವರಿಗೂ ಅವರ ಹೆಸರಿನಲ್ಲೇ 200 ಯೂನಿಟ್ಟಿನವರೆಗೆ ಉಚಿತ ವಿದ್ಯುತ್ ಸಿಕ್ಕಿತು. ಮೀಟರ್ ಮಾಲೀಕರ ಹೆಸರಲ್ಲಿದ್ದರೂ ಉರಿಸುವವರು ಬಾಡಿಗೆಯವರು ಎಂದು ಒಪ್ಪಿದ್ದು ಸಣ್ಣ ಮಾತಲ್ಲ. ಆ ದೀಪ ಉರಿಯುವ ಮನೆಯ ಸೂರು, ಗೋಡೆ, ನೀರು, ಬೀಗದ ವಿಷಯದಲ್ಲೂ ಅದೇ ಗುರುತಿಸುವಿಕೆ ಬೇಕು. ಬಾಡಿಗೆಯವರು ಎರಡು ಮೂರು ವರ್ಷಕ್ಕೊಮ್ಮೆ ವಾರ್ಡ್ ಬದಲಿಸುತ್ತಾರೆ, ಮತದಾರರ ಪಟ್ಟಿಯಲ್ಲಿ ಹೆಸರು ಹಳೆಯ ವಿಳಾಸದಲ್ಲೇ ಉಳಿಯುತ್ತದೆ. ಯಾವ ಶಾಸಕರಿಗೂ ಅವರು ತಮ್ಮ ಮತದಾರರಾಗಿ ಕಾಣುವುದಿಲ್ಲ. ಇಷ್ಟು ವರ್ಷ ಕಾಯ್ದೆಯ ಆ 3,500ರ ಗೆರೆಯನ್ನು ಯಾರೂ ಮುಟ್ಟದಿರಲು ಇದೇ ದೊಡ್ಡ ಕಾರಣವೆಂದು ನಾನು ನಂಬಿದ್ದೇನೆ.

ಆದ್ದರಿಂದ ಕೇಳುತ್ತೇನೆ. ಮುಂದಿನ ಅಧಿವೇಶನಕ್ಕೆ ಹೊಸ ಬಾಡಿಗೆ ಮಸೂದೆ ತನ್ನಿ. ಬಾಡಿಗೆಯ ಮೊತ್ತ ಎಷ್ಟೇ ಇರಲಿ, ಪ್ರತಿಯೊಂದು ವಾಸದ ಮನೆಯೂ ಅದರೊಳಗೆ ಬರಲಿ. ದುರಸ್ತಿಯ ಪಟ್ಟಿ, 24 ಗಂಟೆಯ ಸೂಚನೆ, ಅಡ್ವಾನ್ಸಿನ ಮಿತಿ, ಬಾಡಿಗೆಯ ಠೇವಣಿ ಖಾತೆ ಅದರಲ್ಲಿರಲಿ. ಹೊಸ ಕರಾರುಗಳಿಗೆ ಮಾತ್ರ ಅನ್ವಯ ಎಂದು ಬರೆದು ಈಗ ವಾಸವಿರುವವರನ್ನು ಹೊರಗೆ ಬಿಡಬೇಡಿ. ಕನ್ನಡದಲ್ಲಿ ಒಂದು ಮಾದರಿ ಕರಾರು ಪತ್ರ ಸಿದ್ಧಪಡಿಸಿ ಎಲ್ಲ ನಾಡಕಚೇರಿಗಳಲ್ಲಿ, ಬೆಂಗಳೂರು ಒನ್, ಕರ್ನಾಟಕ ಒನ್ ಕೇಂದ್ರಗಳಲ್ಲಿ ಉಚಿತವಾಗಿ ಸಿಗುವಂತೆ ಮಾಡಿ, ಸಹಿ ಹಾಕುವವರು ಓದಿ ಹಾಕಲಿ. ಮಸೂದೆಯ ಕರಡನ್ನು ಮೊದಲು ಕನ್ನಡದಲ್ಲಿ ಪ್ರಕಟಿಸಿ, ಮಾಲೀಕರಿಂದಲೂ ಬಾಡಿಗೆದಾರರಿಂದಲೂ ಆಕ್ಷೇಪಣೆ ಕರೆದು, ಬಂದದ್ದನ್ನು ಓದಿ. ಕಾಯ್ದೆ ಬರುವವರೆಗೆ ಕಾಯಬೇಕಿಲ್ಲದ ಕೆಲಸವೂ ಒಂದಿದೆ. ನೀರು ವಿದ್ಯುತ್ ಕಡಿದು, ಬೀಗ ಹಾಕಿ ಹೊರಹಾಕಿದವರ ದೂರನ್ನು 'ಸಿವಿಲ್ ಮ್ಯಾಟರ್' ಎಂದು ವಾಪಸು ಕಳಿಸದೆ ಬರೆದುಕೊಳ್ಳಬೇಕು, ಉಚಿತ ಕಾನೂನು ನೆರವಿನ ಪ್ರಾಧಿಕಾರದ ವಿಳಾಸ ಕೊಟ್ಟು ಕಳಿಸಬೇಕು ಎಂದು ಪ್ರತಿ ಠಾಣೆಗೂ ಈ ವಾರವೇ ಸುತ್ತೋಲೆ ಹೊರಡಿಸಿ.

ಇಂತಿ,
ಬೆಂಗಳೂರಿನ ಒಬ್ಬ ಬಾಡಿಗೆದಾರ